ಕಟ್ಟಡ ತಡವಾದಾಗ ಆಳುಗಳ ಕೆಲಸದ ನಷ್ಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಧಾರವಾಡ ಭಾಗದ ಗುತ್ತಿಗೆದಾರ. ಸರ್ಕಾರಿ ಸಂಸ್ಥೆಯೊಂದಕ್ಕೆ ಐದು ಅಂತಸ್ತಿನ ಹಾಸ್ಟೆಲ್ ಕಟ್ಟುತ್ತಿದ್ದೇನೆ. 14 ತಿಂಗಳಲ್ಲಿ ಮುಗಿಯಬೇಕಿತ್ತು, 23 ತಿಂಗಳಾಯಿತು. ಪ್ಲಾಸ್ಟರ್ ಅರ್ಧ ಆಗಿದೆ, ಟೈಲ್ಸ್ ಬಾಕಿ ಇದೆ. ಸ್ಟ್ರಕ್ಚರಲ್ ಡ್ರಾಯಿಂಗ್ ತುಂಡು ತುಂಡಾಗಿ ಬಂತು. ಎರಡನೇ ಮಹಡಿಯ ಪ್ಲಾನ್ ನಡುವೆಯೇ ಬದಲಾಯಿತು. ಸೈಟಿನ ಒಂದು ಭಾಗ ತಡವಾಗಿ ಕೈಗೆ ಸಿಕ್ಕಿತು. ಇಲಾಖೆ ದಂಡ ಹಾಕದೆ ಅವಧಿ ವಿಸ್ತರಿಸಿದೆ. ಆದರೆ ಟೆಂಡರ್ ಲೆಕ್ಕಕ್ಕಿಂತ ಕೂಲಿಗೆ 62 ಲಕ್ಷ ರೂಪಾಯಿ ಜಾಸ್ತಿ ಹೋಗಿದೆ. ಅಷ್ಟನ್ನೂ ಕ್ಲೇಮ್ ಮಾಡಬಹುದಾ? ಹಾಜರಿ ಪುಸ್ತಕ ಪೂರ್ತಿ ಇದೆ.

ಉತ್ತರ: 62 ಲಕ್ಷವನ್ನು ಇಡಿಯಾಗಿ ಕೇಳಿದರೆ ಅದು ನಿಲ್ಲುವುದು ಕಷ್ಟ. ಹಾಗಂತ ನಿಮ್ಮ ಕ್ಲೇಮಿನಲ್ಲಿ ಹುರುಳಿಲ್ಲ ಎಂದಲ್ಲ. ನೀವು ಹೇಳಿದ ಮೂರೂ ಕಾರಣಗಳು ಗಟ್ಟಿಯಾಗಿವೆ. ಆ ಕಾರಣಗಳಿಂದ ಆಳುಗಳ ಕೆಲಸ ಎಷ್ಟು ಕುಸಿಯಿತು ಎಂಬುದನ್ನು ನಿಮ್ಮ ಸೈಟಿನ ಅಂಕಿಗಳಿಂದಲೇ ತೋರಿಸಬೇಕು. ಹಾಜರಿ ಪುಸ್ತಕದಿಂದ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಆ ಆಳುಗಳು ಯಾವ ದಿನ, ಎಲ್ಲಿ, ಎಷ್ಟು ಕೆಲಸ ಮುಗಿಸಿದರು ಅನ್ನುವುದು ಇನ್ನರ್ಧ. ಹೆಚ್ಚಿನ ಕ್ಲೇಮುಗಳು ಬಿದ್ದುಹೋಗುವುದು ಈ ಇನ್ನರ್ಧ ಇಲ್ಲದೆ.

ಮೊದಲು ಆ 62 ಲಕ್ಷದೊಳಗೆ ಏನೇನು ಸೇರಿದೆ ಎಂದು ಬಿಡಿಸಿ ನೋಡಿ. ಒಪ್ಪಂದದ ಅವಧಿ ಮುಗಿದ ಮೇಲೆ ಕೂಲಿ ದರವೇ ಏರಿರುತ್ತದೆ. ಕರ್ನಾಟಕದಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಅಲ್ವಾ? ಅದು ದರದ ಏರಿಕೆ, ಕೆಲಸದ ಕುಸಿತ ಅಲ್ಲ. ಬೆಲೆ ಹೊಂದಾಣಿಕೆ ಕಲಮಿನಡಿ ಅದರಲ್ಲಿ ಸ್ವಲ್ಪ ಆಗಲೇ ನಿಮಗೆ ಬಂದಿರಲೂಬಹುದು. ಹೆಚ್ಚುವರಿ ಐಟಂಗಳಿಗೆ ಬಿಲ್ ಆಗಿದ್ದರೆ ಅವುಗಳ ಕೂಲಿಯೂ ಆ ಬಿಲ್ಲಿನಲ್ಲೇ ಬಂದಿದೆ. ಡ್ರಾಯಿಂಗ್ ಇಲ್ಲದೆ ಸುಮ್ನೆ ಕೂತ ಆಳುಗಳ ಕೂಲಿ ಬೇರೆ ಲೆಕ್ಕ. ಕೆಲಸ ಮಾಡುತ್ತಲೇ ಇದ್ದರೂ ಅಲ್ಲಿಂದಿಲ್ಲಿಗೆ ಓಡಾಡಿ ಕಡಿಮೆ ಕೆಲಸ ಮುಗಿಸಿದವರ ಲೆಕ್ಕ ಇನ್ನೊಂದು. ನಿಮ್ಮದೇ ತಪ್ಪಿನಿಂದ ಒಡೆದು ಮತ್ತೆ ಮಾಡಿದ ಕೆಲಸವೂ ಇದರಲ್ಲಿದೆ. ಟೆಂಡರ್ ಗೆಲ್ಲಬೇಕೆಂದು ಕೂಲಿಯನ್ನು ಕಡಿಮೆ ಹಿಡಿದಿದ್ದರೆ ಅದೂ ಇಲ್ಲೇ ಸೇರಿಕೊಂಡಿದೆ.

ಇವನ್ನೆಲ್ಲ ಒಂದೇ ಮೊತ್ತ ಮಾಡಿ ಕೇಳುವುದಕ್ಕೆ ಟೋಟಲ್ ಕಾಸ್ಟ್ ವಿಧಾನ ಅನ್ನುತ್ತಾರೆ. ಅದು ನಿಲ್ಲಬೇಕಾದರೆ ಮೂರು ಮಾತು ನಿಜವಾಗಿರಬೇಕು. ನಿಮ್ಮ ಟೆಂಡರ್ ಲೆಕ್ಕ ಸರಿಯಾಗಿತ್ತು. ನೀವು ಮಾಡಿದ ಖರ್ಚೆಲ್ಲ ನ್ಯಾಯವಾದದ್ದು. ಜಾಸ್ತಿಯಾದ ಒಂದೊಂದು ರೂಪಾಯಿಗೂ ಎದುರು ಪಕ್ಷವೇ ಕಾರಣ. ಮೂರನ್ನೂ ಸಾಬೀತು ಮಾಡಬಲ್ಲ ಗುತ್ತಿಗೆದಾರರು ತೀರಾ ಕಡಿಮೆ.

ಬ್ರಿಟನ್ನಿನ ಒಂದು ಪ್ರಕರಣ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಶೆಟ್‌ಲ್ಯಾಂಡ್ ದ್ವೀಪದ ಗ್ಯಾಸ್ ಪೈಪ್‌ಲೈನ್ ಕೆಲಸದ ಬಗ್ಗೆ ವ್ಯಾನ್ ಊರ್ಡ್ ಮತ್ತು ಆಲ್‌ಸೀಸ್ ನಡುವೆ ನಡೆದ ವ್ಯಾಜ್ಯದಲ್ಲಿ 2015ರಲ್ಲಿ ತೀರ್ಪು ಬಂತು. ಕೆಲಸಕ್ಕೆ ಅಡ್ಡಿಯಾಗಿ ನಷ್ಟವಾಯಿತು ಎಂಬ ಕ್ಲೇಮನ್ನು ಕೋರ್ಟ್ ತಳ್ಳಿಹಾಕಿತು. ಗುತ್ತಿಗೆದಾರರ ಅಂಕಿಗಳನ್ನು ಅವರ ತಜ್ಞರು ಸ್ವತಃ ಪರೀಕ್ಷಿಸದೆ ನಂಬಿದ್ದರು. ನ್ಯಾಯಾಧೀಶರು ಆ ವರದಿಯನ್ನು ಬಹಳ ಕಟುವಾಗಿ ಟೀಕಿಸಿದರು. ತಜ್ಞರನ್ನು ಇಟ್ಟುಕೊಂಡ ಮಾತ್ರಕ್ಕೆ ಕ್ಲೇಮ್ ನಿಲ್ಲುವುದಿಲ್ಲ. ತಜ್ಞರ ಕೈಗೆ ನೀವು ಏನು ಕೊಡುತ್ತೀರಿ ಅನ್ನುವುದೇ ಮುಖ್ಯ.

ನಮ್ಮಲ್ಲೂ ಗಾಳಿ ಅದೇ ಕಡೆ ಬೀಸುತ್ತಿದೆ. ಓವರ್‌ಹೆಡ್ (ಕಚೇರಿ, ಮೇಲ್ವಿಚಾರಣೆಯಂಥ ಸಾಮಾನ್ಯ ಖರ್ಚು) ನಷ್ಟಕ್ಕೆ ಹಡ್ಸನ್, ಎಂಡೆನ್, ಐಕ್ಲೇ ಎಂಬ ಸೂತ್ರಗಳಿವೆ. ಇವುಗಳಲ್ಲಿ ಯಾವುದನ್ನು ಬಳಸಬೇಕು ಎನ್ನುವುದು ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥಗಾರರಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮ್ಯಾಕ್‌ಡರ್ಮಟ್ ಪ್ರಕರಣದಲ್ಲಿ ಹೇಳಿತ್ತು. ಆಮೇಲೆ ಎಷ್ಟೋ ಜನ ಸೂತ್ರಕ್ಕೆ ಅಂಕಿ ತುಂಬಿದರೆ ಸಾಕು ಅಂದುಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಬಾಟ್ಲಿಬಾಯ್ ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ ಪ್ರಕರಣ ಬಂತು. ಅದರಲ್ಲಿ ಓವರ್‌ಹೆಡ್ ಮತ್ತು ಲಾಭ ನಷ್ಟದ ಲೆಕ್ಕಕ್ಕೆ ಸರಿಯಾದ ಆಧಾರ, ಕಾರಣ ಇಲ್ಲ ಎಂದು ಕೋರ್ಟ್ ಮಧ್ಯಸ್ಥಿಕೆಯ ಆದೇಶವನ್ನು ಎತ್ತಿಹಿಡಿಯಲಿಲ್ಲ. ಮುಂದಿನ ತಿಂಗಳೇ ಯೂನಿಬ್ರೋಸ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಕೆಲಸ ತಡವಾಯಿತು ಅಂದ ಮಾತ್ರಕ್ಕೆ ಲಾಭ ನಷ್ಟ ಸಾಬೀತಾಗುವುದಿಲ್ಲ, ನಂಬುವಂಥ ಸಾಕ್ಷ್ಯ ಬೇಕು. ಇವು ಓವರ್‌ಹೆಡ್ ಮತ್ತು ಲಾಭದ ಬಗೆಗಿನ ತೀರ್ಪುಗಳು ನಿಜ. ಕೂಲಿ ನಷ್ಟಕ್ಕೂ ಮಧ್ಯಸ್ಥಗಾರರು ಇದೇ ಕಣ್ಣಿನಿಂದ ನೋಡುತ್ತಾರೆ ಎಂದುಕೊಂಡೇ ನೀವು ತಯಾರಾಗಬೇಕು.

ಈಗ ಅಳತೆಗೆ ಬರೋಣ. ಬೇಕಾಗಿರುವುದು ಒಂದೇ ಅಂಕಿ: ಒಬ್ಬ ಆಳು ಒಂದು ದಿನಕ್ಕೆ ಎಷ್ಟು ಕೆಲಸ ಮುಗಿಸಿದ. ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಅಚ್ಚು) ಆದರೆ ಚದರ ಮೀಟರ್, ಕಂಬಿ ಕೆಲಸವಾದರೆ ಕಿಲೋ, ಬ್ಲಾಕ್ ಕೆಲಸವಾದರೆ ಘನ ಮೀಟರ್, ಪ್ಲಾಸ್ಟರ್ ಆದರೆ ಮತ್ತೆ ಚದರ ಮೀಟರ್. ಇವನ್ನು ಬೇರೆ ಬೇರೆಯಾಗಿಯೇ ಅಳೆಯಬೇಕು. ಹಾಜರಿ ಪುಸ್ತಕದಲ್ಲಿ "ಆಳು 46" ಎಂದಷ್ಟೇ ಇದ್ದರೆ ಸೆಂಟ್ರಿಂಗ್ ಬಡಗಿ ಎಷ್ಟು, ಕಂಬಿ ಕಟ್ಟುವವರು ಎಷ್ಟು, ಹೆಲ್ಪರ್ ಎಷ್ಟು ಎಂದು ಈಗಲೇ ಬಿಡಿಸಿ. ನೆನಪು ಹಸಿಯಾಗಿರುವಾಗ ಮೇಸ್ತ್ರಿಗಳನ್ನು ಕೂರಿಸಿಕೊಂಡು ಮಾಡಿ. ಅವರ ಬಳಿ ವಾರದ ಬಟವಾಡೆಯ ಚೀಟಿಗಳು ಇದ್ದೇ ಇರುತ್ತವೆ.

ಮುಗಿದ ಕೆಲಸದ ಪ್ರಮಾಣಕ್ಕೆ ಎಂಬಿ (ಮೆಷರ್‌ಮೆಂಟ್ ಬುಕ್, ಅಂದರೆ ಅಳತೆ ಪುಸ್ತಕ) ಇದೆಯಲ್ಲ ಎಂದು ನಿಮಗನ್ನಿಸಬಹುದು. ಪ್ರಮಾಣಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ, ಎರಡೂ ಕಡೆಯವರ ಸಹಿ ಇರುತ್ತದೆ. ಆದರೆ ಎಂಬಿಯಲ್ಲಿರುವ ದಿನಾಂಕ ಅಳತೆ ತೆಗೆದ ದಿನದ್ದು, ಕೆಲಸ ನಡೆದ ದಿನದ್ದಲ್ಲ. ಎರಡು ತಿಂಗಳ ಕೆಲಸ ಒಂದೇ ದಿನ ದಾಖಲಾಗಿರುತ್ತದೆ. ಆದ್ದರಿಂದ ಪ್ರಮಾಣವನ್ನು ಎಂಬಿಯಿಂದ ತೆಗೆದುಕೊಳ್ಳಿ, ದಿನಾಂಕವನ್ನು ಬೇರೆ ಕಡೆ ಹುಡುಕಿ. ರೆಡಿಮಿಕ್ಸ್ ಚಲನ್‌ನಲ್ಲಿ ತಾರೀಖು, ಗಂಟೆ ಎರಡೂ ಇರುತ್ತವೆ. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಕ್ಯೂಬ್ ಟೆಸ್ಟ್ ರಿಜಿಸ್ಟರ್‌ನಲ್ಲಿ ಯಾವ ಸ್ಲ್ಯಾಬನ್ನು ಯಾವ ದಿನ ಹಾಕಿದರು ಎಂದಿರುತ್ತದೆ. ಕಾಂಕ್ರೀಟ್ ಹಾಕುವ ಮುನ್ನ ಜೂನಿಯರ್ ಎಂಜಿನಿಯರ್ ಸಹಿ ಮಾಡಿದ ಪೋರ್ ಕಾರ್ಡ್ ಇರುತ್ತದೆ. ಕಂಬಿಗೆ ಬಿಬಿಎಸ್ (ಕಂಬಿಗಳ ಅಳತೆ, ಆಕಾರದ ಪಟ್ಟಿ) ಮತ್ತು ತೂಕದ ಚೀಟಿ ಇವೆ. ಸೈಟ್ ಎಂಜಿನಿಯರ್ ವಾಟ್ಸಾಪ್ ಗುಂಪಿಗೆ ದಿನಾ ಹಾಕಿದ ಫೋಟೋಗಳೂ ಬೆಲೆಬಾಳುತ್ತವೆ. ಆ ಫೋನುಗಳನ್ನು ಹಾಗೇ ಕಾಪಾಡಿಕೊಳ್ಳಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾದೀತು.

ಒಂದು ಸೂಕ್ಷ್ಮ ಇಲ್ಲಿದೆ. ಸ್ಲ್ಯಾಬ್ ಹಾಕಿದ ದಿನವೇ ಸೆಂಟ್ರಿಂಗ್ ಪೂರ್ತಿ ಆಯಿತು ಎಂದು ಲೆಕ್ಕ ಹಿಡಿದರೆ ಮೂರು ವಾರ ಸೊನ್ನೆ, ನಾಲ್ಕನೇ ವಾರ ಬೆಟ್ಟದಷ್ಟು ಕಾಣುತ್ತದೆ. ಅದಕ್ಕೆ ಹಂತಕ್ಕೆ ಇಷ್ಟು ಪಾಲು ಎಂದು ಮೊದಲೇ ನಿಗದಿ ಮಾಡಿ. ಪ್ರಾಪ್ಸ್ (ಆಧಾರದ ಕಂಬ) ನಿಲ್ಲಿಸಿ ಬೀಮಿನ ತಳ ಹಾಕಿದರೆ ಇಷ್ಟು, ಶೀಟು ಹಾಸಿದರೆ ಇಷ್ಟು, ಬಿಚ್ಚಿ ಸಾಗಿಸಿದರೆ ಇಷ್ಟು ಎಂದು. ಯಾವ ಪಾಲನ್ನೇ ಹಿಡಿಯಿರಿ, ಒಳ್ಳೆಯ ಅವಧಿಗೂ ಕೆಟ್ಟ ಅವಧಿಗೂ ಅದೇ ಪಾಲು ಇರಲಿ. ಮತ್ತೆ, ದಿನದ ಲೆಕ್ಕಕ್ಕಿಂತ ವಾರದ ಲೆಕ್ಕ ವಾಸಿ. ದಿನದ ಅಂಕಿ ತುಂಬಾ ಏರಿಳಿಯುತ್ತದೆ.

ಇದಿಷ್ಟು ಕೈಗೆ ಬಂದರೆ ಮೆಷರ್ಡ್ ಮೈಲ್ ವಿಧಾನ ಬಳಸಬಹುದು. ಅಡ್ಡಿ ಇಲ್ಲದ ಅಥವಾ ತೀರಾ ಕಡಿಮೆ ಇದ್ದ ಅವಧಿಯಲ್ಲಿ ನಿಮ್ಮದೇ ಆಳುಗಳು ನಿಮ್ಮದೇ ಸೈಟಿನಲ್ಲಿ ಎಷ್ಟು ಕೆಲಸ ಮಾಡಿದರು ಎಂದು ಅಳೆದು, ಅಡ್ಡಿಯಾದ ಅವಧಿಯ ಜೊತೆ ಹೋಲಿಸುವುದು. ಅಮೆರಿಕದ ಕಾಸ್ಟ್ ಎಂಜಿನಿಯರುಗಳ ಸಂಘ ಎಎಸಿಇ ತನ್ನ 25ಆರ್-03 ಶಿಫಾರಸಿನಲ್ಲಿ ಈ ವಿಧಾನಕ್ಕೇ ಮೊದಲ ಸಾಲಿನ ಸ್ಥಾನ ಕೊಟ್ಟಿದೆ. ಲಂಡನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಕೂಡ 2017ರ ತನ್ನ ಪ್ರೊಟೊಕಾಲ್‌ನಲ್ಲಿ ಇದನ್ನೇ ಮುಂದಿಟ್ಟಿದೆ. ನನಗೆ ಇದು ಇಷ್ಟವಾಗಲು ಕಾರಣ ಇಷ್ಟೇ: ನಿಮ್ಮ ಟೆಂಡರ್ ಲೆಕ್ಕ ಸರಿಯೋ ತಪ್ಪೋ ಎಂಬ ಜಗಳವೇ ಇಲ್ಲಿ ಏಳುವುದಿಲ್ಲ.

ಒಂದು ಉದಾಹರಣೆ ನೋಡಿ. ಅಂಕಿಗಳು ವಿವರಿಸುವುದಕ್ಕೆ ಹಾಕಿದವು ಮಾತ್ರ. ಮೊದಲನೇ ಮಹಡಿಯ ಸೆಂಟ್ರಿಂಗ್ ಸಲೀಸಾಗಿ ನಡೆಯಿತು. 1,500 ಚದರ ಮೀಟರಿಗೆ 600 ಆಳು-ದಿನ (ಒಬ್ಬ ಆಳಿನ ಒಂದು ದಿನದ ದುಡಿಮೆ ಒಂದು ಆಳು-ದಿನ) ಹಿಡಿಯಿತು. ಅಂದರೆ ಆಳಿಗೆ ದಿನಕ್ಕೆ 2.5. ಪ್ಲಾನ್ ಬದಲಾದ ಎರಡನೇ ಮಹಡಿ ಮತ್ತು ತಡವಾಗಿ ಸಿಕ್ಕ ಭಾಗ ಸೇರಿ 2,000 ಚದರ ಮೀಟರಿಗೆ 1,250 ಆಳು-ದಿನ ಹಿಡಿಯಿತು. ಅಂದರೆ 1.6. ಹಳೆಯ ವೇಗದಲ್ಲಿ ಆಗಿದ್ದರೆ 800 ಆಳು-ದಿನ ಸಾಕಿತ್ತು. 450 ಜಾಸ್ತಿ ಆಯಿತು.

ಇಲ್ಲಿಗೆ ನಿಲ್ಲಿಸಿಬಿಡಬೇಡಿ. ಆ 1,250ರಲ್ಲಿ 90 ಆಳು-ದಿನ ಸುಮ್ನೆ ಕೂತದ್ದು, ಅದನ್ನು ನೀವು ಬೇರೆ ಶೀರ್ಷಿಕೆಯಲ್ಲಿ ಕೇಳುತ್ತಿದ್ದೀರಿ ಎನ್ನಿ. ಅದನ್ನು ಕಳೆಯಿರಿ, 360 ಉಳಿಯಿತು. ನಿಮ್ಮ ಪ್ಲೈವುಡ್ ಶೀಟು ತಡವಾಗಿ ಬಂದದ್ದು, ಯುಗಾದಿಗೆ ಊರಿಗೆ ಹೋದ ಬಡಗಿಗಳು ಬಾರದೆ ಹೊಸಬರನ್ನು ಹಾಕಿದ್ದು, ಇದಕ್ಕೆ 60 ಕಳೆಯಿರಿ. 300 ಆಳು-ದಿನ ಉಳಿಯಿತು. ಸರಾಸರಿ ಕೂಲಿ 900 ರೂಪಾಯಿ ಆದರೆ 2 ಲಕ್ಷ 70 ಸಾವಿರ. ಇದು ಸಣ್ಣ ಮೊತ್ತ ಅನ್ನಿಸಬಹುದು. ಆದರೆ ಇದನ್ನು ಅಲುಗಾಡಿಸುವುದು ಕಷ್ಟ. ಇದೇ ಕೆಲಸವನ್ನು ಕಂಬಿ, ಬ್ಲಾಕ್, ಪ್ಲಾಸ್ಟರ್ ಎಲ್ಲಕ್ಕೂ ಮಾಡಿ ಕೂಡಿಸಬೇಕು. ನಿಮ್ಮ ಟೆಂಡರಿನಲ್ಲಿ ಆಳಿಗೆ 3 ಚದರ ಮೀಟರ್ ಎಂದು ಹಿಡಿದಿದ್ದರೆ ನಷ್ಟ 583 ಆಳು-ದಿನ ಎಂದು ಕಾಣುತ್ತಿತ್ತು. 450ಕ್ಕೂ 583ಕ್ಕೂ ನಡುವಿನ 133 ನಿಮ್ಮ ಟೆಂಡರಿನ ಆಸೆ. ಅದಕ್ಕೆ ಇಲಾಖೆ ಹಣ ಕೊಡಬೇಕಾಗಿಲ್ಲ.

ಒಳ್ಳೆಯ ಅವಧಿಯನ್ನು ಆರಿಸುವಾಗ ಪ್ರಾಮಾಣಿಕವಾಗಿರಿ. ತೀರಾ ಒಳ್ಳೆಯ ನಾಲ್ಕು ದಿನಗಳನ್ನು ಹೆಕ್ಕಿದರೆ ಎದುರಿನ ವಕೀಲರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಾಂಡಾಲ್ಫ್ ಥಾಮಸ್ ಅವರ ಬೇಸ್‌ಲೈನ್ ವಿಧಾನವೊಂದಿದೆ. ಅದರಲ್ಲಿ ಅತಿ ಹೆಚ್ಚು ಕೆಲಸವಾದ ಶೇ 10ರಷ್ಟು ದಿನಗಳನ್ನು, ಕನಿಷ್ಠ 5 ದಿನಗಳನ್ನು, ಅಳತೆಗೋಲು ಮಾಡುತ್ತಾರೆ. ಸಂಶೋಧನೆಗೆ ಅದು ಸರಿ. ಕ್ಲೇಮಿಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಒಂದು ಗ್ಯಾಂಗ್ ಅಪರೂಪಕ್ಕೆ ಮುಟ್ಟುವ ವೇಗವನ್ನು ದಿನದ ವೇಗ ಎಂದು ಯಾರೂ ಒಪ್ಪಲಾರರು. ಬಿಡದೆ ಆರೆಂಟು ವಾರ ನಡೆದ ಕೆಲಸ ಇರಲಿ. ಅಡಿಪಾಯ ಮುಗಿದು ಗ್ಯಾಂಗ್ ಕೈ ಕೂಡಿದ ಮೇಲಿನದಾಗಿರಲಿ, ಏಕೆಂದರೆ ಮೊದಲ ವಾರಗಳು ಎಲ್ಲ ಸೈಟಿನಲ್ಲೂ ನಿಧಾನ. ನಾಲ್ಕನೇ ಮಹಡಿಗೆ ಸಾಮಾನು ಏರಿಸುವ ಶ್ರಮ, ಧಾರವಾಡದ ಜುಲೈ ಮಳೆ, ಇವಕ್ಕೂ ಹೊಂದಾಣಿಕೆ ಮಾಡಿ ಬರೆದಿಡಿ. ಎರಡು ಅವಧಿಯ ಕೆಲಸ ಪಡಿಯಚ್ಚಿನಂತೆ ಇರಬೇಕಾಗಿಲ್ಲ. ಅಮೆರಿಕದಲ್ಲಿ 1999ರ ಕ್ಲಾರ್ಕ್ ಕಾಂಕ್ರೀಟ್ ಪ್ರಕರಣದಲ್ಲಿ, ಹೋಲಿಸಿದ ಕೆಲಸಗಳು ಒಂದೇ ತೆರನಾಗಿಲ್ಲ ಎಂಬ ಆಕ್ಷೇಪ ಬಂದರೂ ಹೋಲಿಕೆಯನ್ನು ಒಪ್ಪಿದರು. ಕಟ್ಟಡದ ಕೆಲಸದಲ್ಲಿ ನೂರಕ್ಕೆ ನೂರು ಹೊಂದುವ ಎರಡು ಅವಧಿ ಎಲ್ಲಿ ಸಿಗುತ್ತವೆ?

ನಮ್ಮ ಸೈಟುಗಳಿಗೇ ಸೇರಿದ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹೊರದೇಶದ ಮಾರ್ಗದರ್ಶಿಗಳಲ್ಲಿ ಆಳುಗಳಿಗೆ ಗಂಟೆ ಲೆಕ್ಕದಲ್ಲಿ ಸಂಬಳ ಎಂದು ಹಿಡಿದಿರುತ್ತಾರೆ. ನಮ್ಮಲ್ಲಿ ಸೆಂಟ್ರಿಂಗ್ ಚದರಡಿಗೆ ಇಷ್ಟು, ಕಂಬಿ ಟನ್ನಿಗೆ ಇಷ್ಟು ಎಂದು ಮೇಸ್ತ್ರಿಗೆ ಪೀಸ್ ರೇಟಿನಲ್ಲಿ ಕೊಡುವುದೇ ಹೆಚ್ಚು. ಹಾಗಿದ್ದಾಗ ಕೆಲಸ ನಿಧಾನವಾದರೆ ಆ ನಷ್ಟ ಮೊದಲು ಬೀಳುವುದು ಮೇಸ್ತ್ರಿ ಮೇಲೆ, ಅವನ ಆಳುಗಳ ಮೇಲೆ. ನಿಮ್ಮ ಜೇಬಿನಿಂದ ಹಣ ಹೋಗದಿದ್ದರೆ ನಿಮಗೆ ನಷ್ಟ ಎಲ್ಲಾಯಿತು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಮೇಸ್ತ್ರಿ ಬಿಟ್ಟುಹೋಗದಿರಲಿ ಎಂದು ದರ ಏರಿಸಿದ್ದರೆ ಆ ಒಪ್ಪಂದದ ಚೀಟಿ ಬೇಕು. ಖಾಲಿ ದಿನಗಳಿಗೆ ದಿನಗೂಲಿ ಕೊಟ್ಟಿದ್ದರೆ ಅದರ ಬ್ಯಾಂಕ್ ದಾಖಲೆ ಬೇಕು. ಪಾವತಿ ಇನ್ನೂ ಬಾಕಿ ಇದ್ದು ಮೇಸ್ತ್ರಿ ನಿಮ್ಮನ್ನು ಕೇಳುತ್ತಿದ್ದರೆ ಆ ಬೇಡಿಕೆ ಪತ್ರವನ್ನೂ ಸೇರಿಸಿ. ಕ್ಲೇಮಿನಲ್ಲಿ ಬಂದ ಹಣದಲ್ಲಿ ಅವರ ಪಾಲು ಅವರಿಗೆ ತಲುಪಬೇಕು ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ತಡವಾದ ಡ್ರಾಯಿಂಗಿನ ಬೆಲೆಯನ್ನು ಮೊದಲು ತೆತ್ತವರು ಅವರೇ.

ಕೆಲವರಿಗೆ ಒಳ್ಳೆಯ ಅವಧಿಯೇ ಸಿಗುವುದಿಲ್ಲ, ಮೊದಲ ದಿನದಿಂದಲೂ ಅಡ್ಡಿ. ಆಗ ಅದೇ ಕಾಲದ ನಿಮ್ಮ ಇನ್ನೊಂದು ಸೈಟನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಅದೂ ಇಲ್ಲದಿದ್ದರೆ ಕೇಂದ್ರ ಲೋಕೋಪಯೋಗಿ ಇಲಾಖೆ ಸಿಪಿಡಬ್ಲ್ಯುಡಿಯ ದರ ವಿಶ್ಲೇಷಣೆಯಲ್ಲಿ ಒಂದೊಂದು ಐಟಂಗೆ ಎಷ್ಟು ಆಳು ಎಂಬ ಅಂಕಿಗಳಿವೆ. ಇಲಾಖೆಗಳೇ ಬಳಸುವ ಅಂಕಿಗಳಾದ್ದರಿಂದ ಅಲ್ಲಗಳೆಯುವುದು ಅವರಿಗೆ ಸುಲಭವಲ್ಲ. ಆದರೂ ಅದು ನಿಮ್ಮ ಸೈಟಿನ ಅಳತೆ ಅಲ್ಲ, ಬೆಂಬಲಕ್ಕೆ ಮಾತ್ರ ಇರಲಿ.

ಕೊನೆಯ ಆಯ್ಕೆ ಎಂದರೆ ಶೇಕಡಾವಾರು ಕೋಷ್ಟಕಗಳು. ಅಮೆರಿಕದ ಮೆಕ್ಯಾನಿಕಲ್ ಗುತ್ತಿಗೆದಾರರ ಸಂಘದ ಪಟ್ಟಿ ಹೆಸರುವಾಸಿ. 16 ಕಾರಣಗಳು, ಒಂದೊಂದಕ್ಕೂ ಸಣ್ಣ, ಮಧ್ಯಮ, ತೀವ್ರ ಎಂದು ಮೂರು ಅಂಕಿ. ಹಲವು ಕಸುಬಿನವರು ಒಂದೇ ಜಾಗದಲ್ಲಿ ಒತ್ತಾಗಿ ಕೆಲಸ ಮಾಡಿದರೆ ಶೇ 10, 20, 30 ನಷ್ಟ. ತೀವ್ರ ಎಂಬ ಕಡೆಯಿಂದ ನಾಲ್ಕೈದು ಸಾಲು ಕೂಡಿಸಿದರೆ ನೂರು ದಾಟುತ್ತದೆ! ಆ ಪಟ್ಟಿಯನ್ನು ಹಾಗೇ ತಂದು ನಮ್ಮ ಸೆಂಟ್ರಿಂಗ್ ಗ್ಯಾಂಗಿಗೆ ಅಂಟಿಸಿದ ಕ್ಲೇಮನ್ನು ಯಾವ ಮಧ್ಯಸ್ಥಗಾರರೂ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಾವು ಬಯಸುವಂತಿಲ್ಲ.

ಇಲಾಖೆಯ ಒತ್ತಾಯಕ್ಕೆ ರಾತ್ರಿ ಪಾಳಿ, ಭಾನುವಾರದ ಕೆಲಸ ಮಾಡಿಸಿದ್ದರೆ ಅದನ್ನು ಬೇರೆಯಾಗಿ ತೋರಿಸಿ. ಅಮೆರಿಕದ ಬಿಸಿನೆಸ್ ರೌಂಡ್‌ಟೇಬಲ್ 1980ರಲ್ಲಿ ಓವರ್‌ಟೈಮ್ ಬಗ್ಗೆ ಕೊಟ್ಟ ವರದಿಯ ಸಾರ ಇದು: ವಾರಕ್ಕೆ 60 ಗಂಟೆಯ ದುಡಿಮೆ ಸುಮಾರು ಎರಡು ತಿಂಗಳು ಮೀರಿದರೆ, ಅದೇ ಜನ ವಾರಕ್ಕೆ 40 ಗಂಟೆ ದುಡಿದಿದ್ದರೆ ಮುಗಿಯುತ್ತಿದ್ದುದಕ್ಕಿಂತಲೂ ಕೆಲಸ ತಡವಾಗುತ್ತದೆ. ನಮ್ಮಲ್ಲಿ ವಾರಕ್ಕೆ 48 ಗಂಟೆ ಮಾಮೂಲಿ, ಹಾಗಾಗಿ ಅಂಕಿ ಹೊಂದದು. ದಣಿದ ಮೈ ಕಡಿಮೆ ಕೆಲಸ ಮಾಡುತ್ತದೆ ಎಂಬ ಮಾತು ಹೊಂದುತ್ತದೆ. ಅಂಕಿಯನ್ನು ಮಾತ್ರ ನಿಮ್ಮ ಹಾಜರಿಯಿಂದಲೇ ತೆಗೆಯಿರಿ.

ಕುಸಿತ ತೋರಿಸಿದ ಮೇಲೆ ಅದನ್ನು ಕಾರಣಕ್ಕೆ ಜೋಡಿಸಬೇಕು. 2.5 ಇದ್ದದ್ದು 1.6 ಆಯಿತು ಎಂದರೆ ಏಕೆ ಎಂದು ಆ ಅಂಕಿ ಹೇಳುವುದಿಲ್ಲ. ಹಿಂಡ್ರೆನ್ಸ್ ರಿಜಿಸ್ಟರ್ (ಸೈಟಿನ ಅಡ್ಡಿಗಳನ್ನು ಬರೆದಿಡುವ ಪುಸ್ತಕ) ತೆರೆದು ಒಂದೊಂದು ಅಡ್ಡಿಯ ಆರಂಭ, ಕೊನೆ ಗುರುತಿಸಿ. ಅದರ ಕೆಳಗೆ ಅದೇ ವಾರಗಳ ಕೆಲಸದ ಅಂಕಿಯನ್ನಿಡಿ. ಪ್ಲಾನ್ ಬದಲಾದ ವಾರದಲ್ಲೇ ವೇಗ ಬಿದ್ದು, ಹೊಸ ಡ್ರಾಯಿಂಗ್ ಬಂದ ಮೇಲೆ ಎದ್ದಿದ್ದರೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಬೇಕಿಲ್ಲ. ಅಡ್ಡಿ ಮುಗಿದ ಮೇಲೂ ವೇಗ ಏಳದಿದ್ದರೆ ತೊಂದರೆ ಬೇರೆ ಎಲ್ಲೋ ಇದೆ, ನೀವೇ ಮೊದಲು ಹುಡುಕಿ. ಆಳುಗಳನ್ನು ಬೇರೆ ಕೆಲಸಕ್ಕೆ ಹಚ್ಚಲು ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ. ಭಾರತೀಯ ಕರಾರು ಕಾಯಿದೆ, 1872ರ ಸೆಕ್ಷನ್ 73 ನಷ್ಟ ಪರಿಹಾರದ ಬಗ್ಗೆ ಹೇಳುವಾಗ, ನಷ್ಟ ತಗ್ಗಿಸಲು ಇದ್ದ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ.

ಕಾನೂನಿನ ಕಡೆ ಇನ್ನೊಂದು ಗಂಡಾಂತರವಿದೆ. ದಂಡವಿಲ್ಲದೆ ಅವಧಿ ಕೊಟ್ಟಿದ್ದಾರೆ ಎಂದಿರಿ. ಅದು ಒಳ್ಳೆಯದು, ತಡಕ್ಕೆ ನೀವು ಕಾರಣರಲ್ಲ ಎಂಬುದಕ್ಕೆ ಅದು ಆಧಾರ. ಆದರೆ ಅವಧಿ ಸಿಕ್ಕ ಮಾತ್ರಕ್ಕೆ ಹಣ ಸಿಗುವುದಿಲ್ಲ. ಅದೇ ಕರಾರು ಕಾಯಿದೆಯ ಸೆಕ್ಷನ್ 55ರ ಪ್ರಕಾರ, ಎದುರಿನವರು ಹೇಳಿದ ಸಮಯಕ್ಕೆ ಮಾಡಬೇಕಾದ್ದನ್ನು ತಡವಾಗಿ ಮಾಡಿದಾಗ ನೀವು ಒಪ್ಪಿಕೊಂಡರೆ, ಒಪ್ಪುವ ಹೊತ್ತಿನಲ್ಲೇ ಪರಿಹಾರ ಕೇಳುತ್ತೇನೆ ಎಂದು ನೋಟಿಸ್ ಕೊಟ್ಟಿರಬೇಕು. ಅವಧಿ ವಿಸ್ತರಣೆಯ ಅರ್ಜಿಯಲ್ಲಿ ಏನು ಬರೆದಿರಿ? ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿದ್ದೀರಾ? ಒಪ್ಪಂದದಲ್ಲೇ ತಡಕ್ಕೆ ಅವಧಿ ಮಾತ್ರ, ಹಣವಿಲ್ಲ ಎಂಬ ಕಲಮಿದೆಯಾ? ಕ್ಲೇಮ್ ನೋಟಿಸಿಗೆ ಎಷ್ಟು ದಿನದ ಗಡುವಿದೆ? ಈ ನಾಲ್ಕು ಕಾಗದ ಹಿಡಿದು ಕಟ್ಟಡ ವ್ಯಾಜ್ಯ ಗೊತ್ತಿರುವ ವಕೀಲರನ್ನು ಈ ವಾರವೇ ಕಾಣಿ. ಅಳತೆಗೆ ಖರ್ಚು ಮಾಡುವ ಮೊದಲು ಇದು ಆಗಬೇಕು. ವಿವರವಾದ ಲೆಕ್ಕ ಆಮೇಲೆ ಬಂದರೂ ನಡೆಯುತ್ತದೆ, ನೋಟಿಸ್ ಮಾತ್ರ ತಡವಾಗಬಾರದು.

ಪ್ಲಾಸ್ಟರ್ ಅರ್ಧ ಆಗಿದೆ ಎಂದಿರಲ್ಲ, ಅಲ್ಲಿ ನಿಮಗೊಂದು ಅವಕಾಶವಿದೆ. ಈಗ ಅಡ್ಡಿಯಿಲ್ಲದೆ ನಡೆಯುತ್ತಿದ್ದರೆ ಇಂದಿನಿಂದಲೇ ಕೋಣೆವಾರು ದಿನದ ಹಾಳೆ ಬರೆಸಿ: ಯಾವ ಮಹಡಿ, ಯಾವ ಕೋಣೆ, ಗಾರೆಯವರು ಎಷ್ಟು, ಹೆಲ್ಪರ್ ಎಷ್ಟು, ಎಷ್ಟು ಚದರ ಮೀಟರ್ ಆಯಿತು, ಏನು ಅಡ್ಡಿ. ಅಡ್ಡಿ ಇಲ್ಲದ ದಿನ "ಅಡ್ಡಿ ಇಲ್ಲ" ಎಂದೇ ಬರೆಸಿ. ವಾರಕ್ಕೊಮ್ಮೆ ಜೂನಿಯರ್ ಎಂಜಿನಿಯರ್ ಸಹಿ ಕೇಳಿ. ಕೊಡದಿದ್ದರೆ ಇಮೇಲಿನಲ್ಲಿ ಕಳಿಸಿಬಿಡಿ. ಹಿಂದೆ ಅಡ್ಡಿಯ ನಡುವೆ ಮಾಡಿದ ಪ್ಲಾಸ್ಟರಿಗೆ ಈ ಹಾಳೆಗಳೇ ಅಳತೆಗೋಲಾಗುತ್ತವೆ.